ಮಳೆಗಾಲದಲ್ಲಿ ಮರಳು ಎಲ್ಲಿಗೆ ಹೋಗುತ್ತದೆ?

ಕುಂದಾಪುರ ಕಡೆಯ ಓದುಗರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಜೂನ್ ಕೊನೆ, ಜುಲೈ ಬಂತು ಅಂದರೆ ನಮ್ಮ ಪತ್ರಿಕೆಗಳಲ್ಲಿ ಒಂದೇ ಬಗೆಯ ಫೋಟೊ. ಬೇರು ಹೊರಬಿದ್ದ ತೆಂಗಿನ ಮರ, ಅರ್ಧ ಕುಸಿದ ಕಾಂಕ್ರೀಟ್ ರಸ್ತೆ, ಕಲ್ಲು ತುಂಬಿಕೊಂಡು ನಿಂತ ಟಿಪ್ಪರ್. ಕೆಳಗೆ ‘ಕಡಲ್ಕೊರೆತ ತೀವ್ರ’ ಅಂತ ಒಂದು ಸಾಲು. ಜನವರಿಯಲ್ಲಿ ಅದೇ ಜಾಗಕ್ಕೆ ಹೋಗಿ ಫೋಟೊ ತೆಗೆಯುವವರು ಯಾರೂ ಇಲ್ಲ. ಹೋದರೆ ಹಲವು ಕಡೆ ಮರಳು ವಾಪಸ್ ಬಂದಿರುತ್ತದೆ. ಎಲ್ಲ ಕಡೆ ಅಲ್ಲ, ಹಲವು ಕಡೆ. ಈ ವ್ಯತ್ಯಾಸದ ಬಗ್ಗೆಯೇ ಇವತ್ತಿನ ಮಾತು. ಒಂದೂರಲ್ಲಿ ಹೋದ ಮರಳು ತಿರುಗಿ ಬರುತ್ತದೆ. ಅಲ್ಲಿಂದ ನಾಲ್ಕು ಮೈಲು ಆಚೆಗೆ ಬರುವುದೇ ಇಲ್ಲ. ಯಾಕೆ?

ಕಡಲು ಮರಳನ್ನು ತಿಂದುಬಿಟ್ಟಿತು ಅಂತ ನಾವು ಹೇಳುತ್ತೇವೆ. ಮರಳು ಕರಗುವ ವಸ್ತು ಅಲ್ಲ. ಒಂದು ಕಡೆ ಇಲ್ಲ ಅಂದರೆ ಇನ್ನೊಂದು ಕಡೆ ಇದೆ. ಹಾಗಾಗಿ ಇದು ಜಮಾ ಖರ್ಚಿನ ವಿಷಯ. ಎಲ್ಲಿಂದ ಎಷ್ಟು ಬಂತು, ಎಲ್ಲಿಗೆ ಎಷ್ಟು ಹೋಯಿತು, ನಡುವೆ ಎಲ್ಲಿ ಎಷ್ಟು ಕೂತಿದೆ. ಈ ಲೆಕ್ಕ ನೋಡದೆ ಕಲ್ಲಿನ ಎಸ್ಟಿಮೇಟ್ ಹಾಕಿದರೆ ದುಡ್ಡು ನೀರಿಗೆ ಬಿದ್ದ ಹಾಗೇ.

ಮೊದಲು ಜಮಾ ನೋಡೋಣ. ನಮ್ಮ ಕರಾವಳಿಯ ಮರಳಿನ ದೊಡ್ಡ ಪಾಲು ಘಟ್ಟದಿಂದ ಬಂದದ್ದು. ಘಟ್ಟದ ಬಂಡೆಗಳು ಬಹಳ ಹಳೆಯವು, ಹೆಚ್ಚಾಗಿ ನೈಸ್ ಮತ್ತು ಗ್ರಾನೈಟ್ ಜಾತಿಯವು. ಈ ಬಿಸಿಲು, ಈ ಮಳೆಯಲ್ಲಿ ಬಂಡೆಯೊಳಗಿನ ಫೆಲ್ಡ್‌ಸ್ಪಾರ್ ಕೊಳೆತು ಜೇಡಿ ಆಗುತ್ತದೆ. ಬೆಣಚು, ಅಂದರೆ ಕ್ವಾರ್ಟ್ಜ್, ಮಾತ್ರ ಏನು ಮಾಡಿದರೂ ಹಾಳಾಗುವುದಿಲ್ಲ. ಬೀಚಲ್ಲಿ ಮಿನುಗುವ ಕಣ ಹೆಚ್ಚಾಗಿ ಅದೇ. ಜೊತೆಗೆ ಸ್ವಲ್ಪ ಚಿಪ್ಪಿನ ಚೂರು, ಅಲ್ಲಲ್ಲಿ ಕಪ್ಪು ಇಲ್ಮೆನೈಟ್, ಮ್ಯಾಗ್ನೆಟೈಟ್ ಕಣ. ಕಾರವಾರದ ಆಚೆ ಮಾಜಾಳಿ ಹತ್ತಿರ ತಿಳ್ಮಾತಿ ಅಂತ ಪುಟ್ಟ ಬೀಚ್ ಇದೆ. ಅಲ್ಲಿ ಮರಳೇ ಕಪ್ಪು. ಪಕ್ಕದ ಬಂಡೆ ಎಂಥದ್ದೋ ಮರಳೂ ಅಂಥದ್ದೇ.

ಈ ಮರಳನ್ನು ಹೊತ್ತು ತರುವವು ನಮ್ಮ ಹೊಳೆಗಳು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಇಲ್ಲಿ ಗಂಗೊಳ್ಳಿಯಲ್ಲಿ ಕೂಡುವ ಐದು ಹೊಳೆ, ಸೀತಾ, ಸ್ವರ್ಣಾ, ಶಾಂಭವಿ, ಗುರುಪುರ, ನೇತ್ರಾವತಿ. ಎಲ್ಲ ಗಿಡ್ಡ ಹೊಳೆಗಳು. ನೇತ್ರಾವತಿಯ ಉದ್ದವೇ ನೂರು ಕಿಲೋಮೀಟರ್ ಆಸುಪಾಸು. ಆದರೆ ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿಲಿಮೀಟರ್ ಮಳೆ, ಅದರಲ್ಲಿ ಮುಕ್ಕಾಲಿಗೂ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂದರೆ ನಾಲ್ಕು ತಿಂಗಳು ಸಾಗಾಟ, ಉಳಿದ ಎಂಟು ತಿಂಗಳು ಹೆಚ್ಚು ಕಮ್ಮಿ ರಜೆ. ಆ ನಾಲ್ಕು ತಿಂಗಳಲ್ಲೂ ದಿನಾ ಒಂದೇ ಸಮ ಇರುವುದಿಲ್ಲ. ವರ್ಷದ ಮರಳಿನ ದೊಡ್ಡ ಪಾಲು ನಾಲ್ಕಾರು ದೊಡ್ಡ ನೆರೆಯಲ್ಲೇ ಇಳಿದುಬಿಡುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದದ್ದು ನಿಮಗೆ ನೆನಪಿರುತ್ತದೆ. ಜೀವಗಳು ಹೋದ ದುರಂತ ಅದು. ಆ ಮಣ್ಣು ಗಂಗಾವಳಿಗೆ ಬಿದ್ದು ಹೊಳೆ ಮಧ್ಯೆ ದಿಬ್ಬವೇ ಎದ್ದಿತು. ಗುಡ್ಡ ಹೊಳೆಗೆ ಬರುವುದು ಹೀಗೆ, ಒಂದೊಂದು ಸಲ ಒಂದೇ ಬೆಳಗ್ಗೆಯಲ್ಲಿ. ಅಂಥ ಮಣ್ಣು ಕಡಲು ಸೇರಲು ಮಾತ್ರ ವರ್ಷಗಟ್ಟಲೆ ಬೇಕು.

ಹೊಳೆ ಮರಳನ್ನು ಅಳಿವೆ ತನಕ, ಅಂದರೆ ತಾನು ಕಡಲು ಸೇರುವ ಬಾಗಿಲ ತನಕ, ತಂದು ಬಿಡುತ್ತದೆ. ಅಲ್ಲಿಂದ ಮುಂದೆ ಅಲೆಯ ಕೆಲಸ.

ಅಲೆಯ ಬಗ್ಗೆ ಒಂದು ಮಾತು. 10 ಸೆಕೆಂಡಿಗೊಮ್ಮೆ ಬರುವ ಅಲೆ ಇದೆ ಅನ್ನಿ. ಆಳ ಕಡಲಲ್ಲಿ ಒಂದು ಏರಿನಿಂದ ಮುಂದಿನ ಏರಿಗೆ ಸುಮಾರು 156 ಮೀಟರ್ ಇರುತ್ತದೆ. ನೀರಿನ ಆಳ ಇದರ ಅರ್ಧಕ್ಕಿಂತ ಕಡಿಮೆ ಆದಾಗ ಅಲೆಗೆ ತಳ ತಾಗಲು ಶುರು. ತಾಗಿದ ತಕ್ಷಣ ಮರಳು ಓಡುವುದಿಲ್ಲ. ಅದಕ್ಕೆ ಇನ್ನೂ ಕಡಿಮೆ ನೀರು ಬೇಕು. ಬೀಚಿನ ಮರಳಿನ ನಿಜವಾದ ಓಡಾಟ ನಡೆಯುವುದು ದಡದಿಂದ ಕೆಲವೇ ಮೀಟರ್ ಆಳದ ತನಕ. ಅದರಲ್ಲೂ ಅಲೆ ಒಡೆಯುವ ಪಟ್ಟಿಯಲ್ಲಿ ಜಾಸ್ತಿ. ಇನ್ನೂ ಆಚೆ ಹೋದರೆ ನಮ್ಮ ಕಡಲ ತಳ ಮರಳಲ್ಲ, ಕೆಸರು. ಬಲೆ ಹಾಕುವವರಿಗೆ ಇದು ಗೊತ್ತೇ ಇದೆ. ಆ ಕೆಸರನ್ನೂ ದಾಟಿ 50 ಮೀಟರಿಗಿಂತ ಆಳಕ್ಕೆ ಹೋದರೆ ಮತ್ತೆ ಮರಳು ಸಿಗುತ್ತದೆ. ಅದು ಇವತ್ತಿನ ಮರಳಲ್ಲ. 20,000 ವರ್ಷದ ಹಿಂದೆ ಕಡಲ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಮೇಲೆ ಏರುತ್ತಾ ಬಂತು. ಆ ದಾರಿಯಲ್ಲಿ ಮುಳುಗಿದ ಹಳೆಯ ದಡಗಳ ಮರಳು ಅದು. ಲೆಕ್ಕದಲ್ಲಿ ಇದೆ, ಆದರೆ ನಮ್ಮ ಅಲೆಗೆ ಎಟುಕುವುದಿಲ್ಲ. ಈ ‘ಎಟುಕುವುದು’ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಳೆಗಾಲದ ಅಲೆ ಮೂರು ನಾಲ್ಕು ಮೀಟರ್ ಎತ್ತರ ಏಳುತ್ತದೆ. ಕಡಿದಾಗಿ, ಒಂದರ ಹಿಂದೆ ಒಂದು ಬರುತ್ತದೆ. ಇಷ್ಟು ನೀರು ದಡಕ್ಕೆ ಬಂದು ರಾಶಿ ಬಿದ್ದರೆ ಅದು ವಾಪಸ್ ಹೋಗಬೇಕಲ್ಲ. ತಳದಲ್ಲಿ ಹಿಂದಕ್ಕೆ ಹರಿಯುತ್ತದೆ. ಹೋಗುವಾಗ ಬೀಚಿನ ಮರಳನ್ನು ಎಳೆದುಕೊಂಡು ಹೋಗುತ್ತದೆ. ಎಳೆದದ್ದನ್ನು ಅಲೆ ಒಡೆಯುವ ಜಾಗದ ಆಸುಪಾಸಿನಲ್ಲಿ ಉದ್ದಕ್ಕೆ ದಿಬ್ಬ ಮಾಡಿ ಇಡುತ್ತದೆ. ದಡದಲ್ಲಿ ನಿಂತವರಿಗೆ ಬೀಚ್ ಸಪಾಟಾಗಿ, ತೆಳ್ಳಗಾಗಿ ಕಾಣುತ್ತದೆ. ನೀರಿನಡಿಯ ದಿಬ್ಬ ಯಾರಿಗೂ ಕಾಣುವುದಿಲ್ಲ.

ಆದರೆ ಆ ದಿಬ್ಬ ಸುಮ್ನೆ ಕೂತಿಲ್ಲ. ಮುಂದಿನ ದೊಡ್ಡ ಅಲೆ ಅದರ ಮೇಲೇ ಒಡೆಯುತ್ತದೆ, ದಡಕ್ಕೆ ಬರುವಾಗ ಅರ್ಧ ಶಕ್ತಿ ಕಳೆದುಕೊಂಡಿರುತ್ತದೆ. ಅಂದರೆ ಬೀಚು ತನ್ನ ಮರಳನ್ನು ಮುಂದಕ್ಕೆ ಕಳಿಸಿ ತನ್ನನ್ನೇ ಕಾಯ್ದುಕೊಳ್ಳುತ್ತಿದೆ. ಸೆಪ್ಟೆಂಬರ್ ನಂತರ ಅಲೆ ತಗ್ಗುತ್ತದೆ. ದೂರದಿಂದ ಬರುವ ಅಲೆಗಳಲ್ಲಿ ಏರಿನಿಂದ ಏರಿಗೆ ಅಂತರ ಉದ್ದ, ಎತ್ತರ ಮಾತ್ರ ಕಡಿಮೆ. ಇವು ದಡದ ಕಡೆಗೆ ತಳ್ಳುವಾಗ ಸ್ವಲ್ಪ ಹೊತ್ತು ಜೋರಾಗಿ ತಳ್ಳುತ್ತವೆ, ಹಿಂದಕ್ಕೆ ಎಳೆಯುವಾಗ ನಿಧಾನ. ಮರಳಿನ ಕಣ ಜೋರಿಗೆ ಮಾತ್ರ ಏಳುತ್ತದೆ. ಹೀಗೆ ದಿಬ್ಬ ಸ್ವಲ್ಪ ಸ್ವಲ್ಪವೇ ದಡಕ್ಕೆ ಬಂದು ಅಂಟಿಕೊಳ್ಳುತ್ತದೆ. ಹೋಗಲು ಕೆಲವು ದಿನ ಸಾಕು, ಬರಲು ತಿಂಗಳುಗಳು ಬೇಕು. ಜುಲೈಯಲ್ಲಿ ಕಿರುಚಿ ಜನವರಿಯಲ್ಲಿ ಮರೆಯುತ್ತೇವೆ ಅಂದೆನಲ್ಲ, ಈ ನಿಧಾನವೇ ಅದಕ್ಕೆ ಕಾರಣ.

ಇಲ್ಲಿ ಒಂದು ಅಡ್ಡ ಮಾತು. ದಿಬ್ಬ ಒಂದು ಕಡೆ ತುಂಡಾದರೆ ದಡದ ನೀರೆಲ್ಲ ಆ ಕಂಡಿಯಿಂದಲೇ ಹೊರಗೆ ನುಗ್ಗುತ್ತದೆ. ಪ್ರವಾಸಿಗಳು ಈಜಲು ಇಳಿದು ಎಳೆದುಕೊಂಡು ಹೋಗುವುದು ಹೆಚ್ಚಾಗಿ ಅಲ್ಲೇ. ಎರಡು ಕಡೆ ನೊರೆ ಇದ್ದು ನಡುವೆ ಮಾತ್ರ ನೀರು ಶಾಂತವಾಗಿ ಕಾಣುತ್ತಿದ್ದರೆ ಅಲ್ಲಿ ಇಳಿಯಬೇಡಿ. ಸಿಕ್ಕಿಬಿದ್ದರೆ ದಡದ ಕಡೆ ಈಜದೆ ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬನ್ನಿ.

ಇಷ್ಟು ಹೊತ್ತು ಹೇಳಿದ್ದು ಒಳಗೆ ಹೊರಗೆ ಹೋಗುವ ಮರಳಿನ ಕಥೆ. ದಡದ ಉದ್ದಕ್ಕೂ ಓಡುವ ಮರಳು ಬೇರೆ. ಜಗಳ ಇರುವುದೆಲ್ಲ ಅದರಲ್ಲೇ.

ಅಲೆ ದಡಕ್ಕೆ ಓರೆಯಾಗಿ ಬಂದರೆ ನೀರು ಓರೆಯಾಗಿ ಮೇಲೇರುತ್ತದೆ, ಇಳಿಯುವಾಗ ನೇರ ಕೆಳಗೆ. ಪ್ರತಿ ಅಲೆಗೂ ಕಣ ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ. ಅದರ ಜೊತೆಗೆ ಒಡೆದ ಅಲೆಗಳ ನೀರು ದಡದ ಉದ್ದಕ್ಕೆ ಒಂದು ಹರಿವನ್ನೇ ಮಾಡುತ್ತದೆ. ದೊಡ್ಡ ಸಾಗಾಟ ಆಗುವುದು ಆ ಹರಿವಿನಲ್ಲಿ. ಪೂರ್ವ ಕರಾವಳಿಯಲ್ಲಿ ಇದರ ದಿಕ್ಕು ಸ್ಪಷ್ಟ. ವರ್ಷದ ಒಟ್ಟು ಲೆಕ್ಕದಲ್ಲಿ ಮರಳು ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತದೆ. ಚೆನ್ನೈ ಬಂದರಿಗೆ 1870ರ ದಶಕದಲ್ಲಿ ಕಡಲೊಳಗೆ ಗೋಡೆ ಕಟ್ಟಲು ಶುರು ಮಾಡಿದರು. ದಕ್ಷಿಣದಿಂದ ಬರುತ್ತಿದ್ದ ಮರಳು ಗೋಡೆಗೆ ಬಡಿದು ನಿಂತಿತು. ನಾವು ಹೋಗಿ ಸುಂಡಲ್ ತಿನ್ನುವ ಮರೀನಾ ಬೀಚ್ ಅಷ್ಟು ಅಗಲ ಆದದ್ದು ಹಾಗೆ. ಗೋಡೆಯ ಉತ್ತರಕ್ಕೆ ರಾಯಪುರಂ ಕಡೆಗೆ ಮರಳು ಸಿಗಲಿಲ್ಲ, ಅಲ್ಲಿ ಕಡಲು ಊರೊಳಗೆ ಬಂತು. ಇಬ್ಬರೂ ಒಂದೇ ಊರಿನವರು. ಒಬ್ಬರಿಗೆ ಬಂದ ಮರಳು ಇನ್ನೊಬ್ಬರಿಗೆ ಹೋಗಬೇಕಾಗಿದ್ದದ್ದು.

ಪುದುಚೇರಿಯಲ್ಲಿ 1980ರ ದಶಕದ ಕೊನೆಗೆ ಬಂದರು ಕಟ್ಟಿದಾಗಲೂ ಇದೇ ಆಯಿತು. ಊರಿನ ಎದುರಿನ ಬೀಚ್ ಹೋಗಿ ಬರೀ ಬಂಡೆ ರಾಶಿ ಉಳಿಯಿತು. 2018ರಲ್ಲಿ ಅಲ್ಲಿ ನೀರೊಳಗೆ ಉಕ್ಕಿನ ರೀಫ್, ಅಂದರೆ ಅಲೆ ತಡೆಯುವ ದಿಬ್ಬ, ಇಳಿಸಿದ ಮೇಲೆ ಒಂದು ಭಾಗದಲ್ಲಿ ಮರಳು ಮತ್ತೆ ಕಂಡಿತು. ವಿಶಾಖಪಟ್ಟಣದವರು ಮಾತ್ರ ಜಾಣರು. 1933ರಲ್ಲಿ ಶುರುವಾದ ಆ ಬಂದರಿನ ಬಾಯಿಯ ರಕ್ಷಣೆಗೆ ಎರಡು ಹಳೆಯ ಹಡಗುಗಳನ್ನೇ ಮುಳುಗಿಸಿದ್ದರು. ಬಂದರಿನ ಬದಿಯಲ್ಲಿ ಸಿಕ್ಕಿಬೀಳುವ ಮರಳನ್ನು ತೆಗೆದು ಉತ್ತರದ ಬೀಚಿಗೆ ಪಂಪ್ ಮಾಡುವುದು ಅಲ್ಲಿ ಹಳೆಯ ಪದ್ಧತಿ. ಗೋಡೆ ಕಟ್ಟಿ ದಾರಿ ತಡೆದವರೇ ಆಚೆಗೆ ದಾಟಿಸುವ ಖರ್ಚನ್ನೂ ಹೊರಬೇಕು, ಅಲ್ವಾ?

ನಮ್ಮ ಕರಾವಳಿಗೆ ಬನ್ನಿ. ಇಲ್ಲಿ ಚೆನ್ನೈ ಪಾಠ ಹಾಗೇ ನಡೆಯುವುದಿಲ್ಲ. ನಮ್ಮ ದಡ ಸರಿಯಾಗಿ ಉತ್ತರ ದಕ್ಷಿಣ ಅಲ್ಲ, ಸ್ವಲ್ಪ ವಾಯುವ್ಯಕ್ಕೆ ವಾಲಿದೆ. ಮಳೆಗಾಲದ ಅಲೆ ಬರುವುದು ಪಶ್ಚಿಮ, ನೈಋತ್ಯದ ಕಡೆಯಿಂದ. ಎಷ್ಟೋ ಸಲ ದಡಕ್ಕೆ ಹೆಚ್ಚು ಕಮ್ಮಿ ನೇರ. ಬೇಸಿಗೆಯಲ್ಲಿ ಮಧ್ಯಾಹ್ನದ ವಾಯುವ್ಯ ಗಾಳಿ ಎಬ್ಬಿಸುವ ಅಲೆ ದಕ್ಷಿಣಕ್ಕೆ ತಳ್ಳುತ್ತದೆ. ದೂರದ ದಕ್ಷಿಣದ ಕಡಲಿನ ಅಲೆ ಉತ್ತರಕ್ಕೆ ತಳ್ಳುತ್ತದೆ. ಒಂದೇ ಮರಳು ವರ್ಷದಲ್ಲಿ ಆ ಕಡೆ ಈ ಕಡೆ ಓಡಾಡುತ್ತದೆ. ಒಟ್ಟು ಓಡಾಟ ಜಾಸ್ತಿ, ಆ ಕಡೆಯದ್ದು ಈ ಕಡೆಯದ್ದು ಕಳೆದು ಉಳಿಯುವುದು ಕಡಿಮೆ. ದಿಕ್ಕೂ ಊರಿಂದ ಊರಿಗೆ ಬದಲು.

ಇದಕ್ಕೆ ಸಾಕ್ಷಿ ಬೇಕಾದರೆ ಉಪಕರಣ ಬೇಡ, ಫೋನಿನಲ್ಲಿ ಉಪಗ್ರಹದ ನಕ್ಷೆ ತೆಗೆಯಿರಿ. ಮಲ್ಪೆಯ ದಕ್ಷಿಣಕ್ಕೆ ಪಡುಕೆರೆ ನೋಡಿ. ಉದ್ಯಾವರ ಹೊಳೆ ಕಡಲ ಹತ್ತಿರ ಬಂದು, ಸೇರದೆ, ಉತ್ತರಕ್ಕೆ ತಿರುಗಿ ಮಲ್ಪೆ ತನಕ ಹೋಗುತ್ತದೆ. ನಡುವೆ ಮರಳಿನ ಉದ್ದ ನಾಲಿಗೆ, ಅದರ ತುದಿ ಉತ್ತರಕ್ಕೆ. ಕೋಡಿಬೆಂಗ್ರೆಯೂ ಹಾಗೇ, ಹೂಡೆಯಿಂದ ಉತ್ತರಕ್ಕೆ ಚಾಚಿಕೊಂಡಿದೆ. ಮಂಗಳೂರಿಗೆ ಬನ್ನಿ. ತಣ್ಣೀರುಬಾವಿಯಿಂದ ಬೆಂಗ್ರೆಗೆ ಬರುವ ನಾಲಿಗೆ ದಕ್ಷಿಣಕ್ಕೆ ಚಾಚಿದೆ. ಎದುರಿಗೆ ಉಳ್ಳಾಲದ ಕೋಟೆಪುರ ಉತ್ತರಕ್ಕೆ ಚಾಚಿದೆ. ಎರಡೂ ಒಂದಕ್ಕೊಂದು ಮುಖ ಮಾಡಿ ನಿಂತಿವೆ. ಒಂದೇ ಅಳಿವೆಯಲ್ಲಿ ಎರಡು ದಿಕ್ಕು. ಕರ್ನಾಟಕದಲ್ಲಿ ಮರಳು ಇಂಥ ಕಡೆಗೇ ಹೋಗುತ್ತದೆ ಅಂತ ಯಾರಾದರೂ ಒಂದೇ ಬಾಣದ ಗುರುತು ಹಾಕಿದ ನಕ್ಷೆ ತೋರಿಸಿದರೆ ಈ ಎರಡು ನಾಲಿಗೆ ನೆನಪು ಮಾಡಿಕೊಳ್ಳಿ.

ಈ ನಾಲಿಗೆಗಳು ಮರಳಿನ ದೊಡ್ಡ ದಾಸ್ತಾನು. ಕಡಲು ಈಗಿನ ಮಟ್ಟದ ಹತ್ತಿರ ಬಂದು ನಿಂತದ್ದು ಆರೇಳು ಸಾವಿರ ವರ್ಷದ ಈಚೆಗೆ. ಅದಾದ ಮೇಲೆ ಕೂಡಿ ಬಂದದ್ದು ಇದೆಲ್ಲ. ಅದರ ಮೇಲೆ ಈಗ ಮನೆ, ಮಸೀದಿ, ದೈವಸ್ಥಾನ, ಶಾಲೆ, ಮೀನು ಒಣಗಿಸುವ ಜಾಗ. ಕಡಲಿಗೆ ಅದು ಈಗಲೂ ಎಟುಕುವ ದಾಸ್ತಾನೇ.

ಉತ್ತರ ಕನ್ನಡದಲ್ಲಿ ಚಿತ್ರ ಬೇರೆ. ಗೋಕರ್ಣದ ಕುಡ್ಲೆ, ಓಂ ಬೀಚ್ ನೋಡಿದ್ದೀರಿ. ಎರಡು ಗುಡ್ಡಗಳ ನಡುವೆ ಒಂದು ಬೀಚ್. ಮರಳು ಗುಡ್ಡ ದಾಟಿ ಸುಲಭಕ್ಕೆ ಹೋಗುವುದಿಲ್ಲ. ಮಳೆಗಾಲದಲ್ಲಿ ಹೊರಗೆ ಹೋಗುತ್ತದೆ, ಆಮೇಲೆ ಒಳಗೆ ಬರುತ್ತದೆ, ಅಷ್ಟೇ. ಅಂಥ ಬೀಚಿನಿಂದ ಮರಳು ತೆಗೆದರೆ ಪಕ್ಕದಿಂದ ತುಂಬಿಕೊಡುವವರು ಇಲ್ಲ.

ಕೆಸರಿನ ದಾರಿಯೂ ಬೇರೆ. 0.2 ಮಿಲಿಮೀಟರ್ ದಪ್ಪದ ಮರಳಿನ ಕಣ ನೀರಲ್ಲಿ ಸೆಕೆಂಡಿಗೆ ಸುಮಾರು ಎರಡು ಸೆಂಟಿಮೀಟರ್ ಇಳಿಯುತ್ತದೆ. ಜೇಡಿಯ ಕಣಕ್ಕೆ ಒಂದು ಮೀಟರ್ ಇಳಿಯಲು ದಿನಗಳೇ ಬೇಕು. ಹೊಳೆಯ ಸಿಹಿನೀರಲ್ಲಿ ಅದು ಕೂರುವುದೇ ಇಲ್ಲ. ಉಪ್ಪುನೀರು ಸೇರಿದ ಕೂಡಲೇ ಕಣಗಳು ಒಂದಕ್ಕೊಂದು ಅಂಟಿ ಭಾರವಾಗುತ್ತವೆ, ಭರತ ಇಳಿತದ ನಡುವಿನ ನಿಂತ ನೀರಲ್ಲಿ ತಳಕ್ಕೆ ಕೂರುತ್ತವೆ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕಾಣುವ ಅಷ್ಟಗಲ ಕೆಸರು ಬಯಲು ಹೀಗೆ ಕೂತದ್ದು. ಬೆಳಚು ಅನ್ನುವ ಚಿಪ್ಪುಜೀವಿ ಹೆಕ್ಕುವವರು, ಗಜನಿ ಅನ್ನುವ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆದವರು, ಕಾಂಡ್ಲ (ಮ್ಯಾಂಗ್ರೋವ್) ಗಿಡ, ಹಕ್ಕಿ ಎಲ್ಲ ಆ ಕೆಸರಿನ ಮೇಲೆಯೇ ಬದುಕಿದ್ದು. ಆ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲ. 2024ರಲ್ಲಿ ಅದರ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಪಕ್ಕದ ಶರಾವತಿಯಲ್ಲಿ 1964ರಿಂದ ಲಿಂಗನಮಕ್ಕಿ ಇದೆ. ಮೇಲಿನ ಮಣ್ಣು ಮರಳು ಅಲ್ಲೇ ಕೂರುತ್ತದೆ. ದೊಡ್ಡ ನೆರೆಯ ಜೋರೂ ಅಲ್ಲೇ ತಗ್ಗುತ್ತದೆ. ಎರಡನೆಯದನ್ನು ನಾವು ಮರೆಯುತ್ತೇವೆ. ಮರಳು ಇದ್ದರೂ ತಳ್ಳುವ ನೆರೆ ಇಲ್ಲದಿದ್ದರೆ ಅದು ಕಡಲಿಗೆ ಬರುವುದಿಲ್ಲ.

ದಕ್ಷಿಣ ಕನ್ನಡ, ಉಡುಪಿಯ ಹೊಳೆಗಳಲ್ಲಿ ಅಂಥ ದೊಡ್ಡ ಅಣೆಕಟ್ಟು ಕಡಿಮೆ. ಕಿಂಡಿ ಅಣೆಕಟ್ಟುಗಳು ಮಳೆಗಾಲದಲ್ಲಿ ಬಾಗಿಲು ತೆಗೆದಿರುತ್ತವೆ. ಇಲ್ಲಿ ಜಮಾಕ್ಕೆ ಕತ್ತರಿ ಬೀಳುವುದು ಮರಳು ದೋಣಿ, ಮರಳು ಲಾರಿಗಳಿಂದ. ಕಡಲ ಮರಳು ಉಪ್ಪು, ಕಟ್ಟಡಕ್ಕೆ ಬರುವುದಿಲ್ಲ. ಹೊಳೆಯದ್ದೇ ಬೇಕು. ಅಳಿವೆ ಹತ್ತಿರದ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ಜಾಗದಲ್ಲಿ ದೋಣಿಗೆ ಅಡ್ಡವಾಗುವ ದಿಬ್ಬವನ್ನು ಮಾತ್ರ, ಯಂತ್ರ ಇಲ್ಲದೆ, ಜಿಲ್ಲಾಧಿಕಾರಿ ನೇತೃತ್ವದ ಸಮಿತಿ ಒಪ್ಪಿದರೆ ತೆಗೆಯಬಹುದು ಅಂತ ನಿಯಮ. ಆದರೆ ರಾತ್ರಿ ಲಾರಿ ಎಣಿಸುವ ಕೆಲಸ ನಿಯಮ ಮಾಡುವುದಿಲ್ಲ. ಮನೆ ಕಟ್ಟುವವರನ್ನು ನಾನು ಬೈಯುತ್ತಿಲ್ಲ, ನನ್ನ ಮನೆಯ ಗೋಡೆಯಲ್ಲೂ ಹೊಳೆಯ ಮರಳೇ ಇದೆ. ಹೇಳುವುದಿಷ್ಟೇ, ಆ ಮರಳು ಬೀಚಿಗೆ ಹೋಗುವ ದಾರಿಯಲ್ಲಿತ್ತು.

ಈಗ ಅಳಿವೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಅಳಿವೆ ಬಾಗಿಲಲ್ಲಿ ನೆರೆಯ ನೀರು ಮರಳನ್ನು ಹೊರಗೆ ತಳ್ಳುತ್ತದೆ. ಹೊರಗೆ ಹೋದ ಮೇಲೆ ನೀರು ಹರಡಿಕೊಂಡು ಜೋರು ಕಳೆದುಕೊಳ್ಳುತ್ತದೆ, ಮರಳು ಅಲ್ಲೇ ಬಾಗಿಲ ಎದುರು ಅರ್ಧ ಚಂದ್ರದ ಆಕಾರದಲ್ಲಿ ಕೂರುತ್ತದೆ. ದೋಣಿಯವರಿಗೆ ಇದು ಶತ್ರು. ಮರಳಿನ ಮೇಲೆ ಅಲೆ ಒಡೆಯುತ್ತದೆ, ದೋಣಿ ಮಗುಚುವುದೂ ಅಲ್ಲೇ. ಆದರೆ ಪಕ್ಕದ ಬೀಚುಗಳಿಗೆ ಅದೇ ಸೇತುವೆ. ಬಾಗಿಲಿನ ಒಂದು ಬದಿಯ ಮರಳು ಇನ್ನೊಂದು ಬದಿಗೆ ದಾಟುವುದು ಆ ದಿಬ್ಬದ ಮೇಲಿಂದಲೇ. ಮಳೆ ನಿಂತ ಮೇಲೆ ಅಲೆ ಅದನ್ನು ಎರಡೂ ಕಡೆಯ ದಡಕ್ಕೆ ಹಂಚುತ್ತದೆ. ಭರತದ ನೀರು ಒಂದು ಪಾಲನ್ನು ಅಳಿವೆಯ ಒಳಗೂ ಎಳೆದುಕೊಳ್ಳುತ್ತದೆ.

ನೇತ್ರಾವತಿ, ಗುರುಪುರ ಎರಡೂ ಒಂದೇ ಬಾಗಿಲಿಂದ ಕಡಲಿಗೆ ಬೀಳುತ್ತವೆ. ಬಾಗಿಲು ಜಾಗ ಬದಲಿಸದಿರಲಿ, ಬೋಟುಗಳಿಗೆ ಆಳ ಸಿಗಲಿ ಅಂತ 1990ರ ದಶಕದಲ್ಲಿ ಎರಡೂ ಬದಿಗೆ ಬ್ರೇಕ್‌ವಾಟರ್, ಅಂದರೆ ಕಡಲೊಳಗೆ ಚಾಚುವ ಕಲ್ಲುಗೋಡೆ, ಕಟ್ಟಿದರು. ಉದ್ದೇಶ ಸರಿಯೇ. ಎರಡು ಗೋಡೆಯ ನಡುವೆ ನೀರು ಜೋರಾಗುತ್ತದೆ, ತಳ ಕೆರೆಯುತ್ತದೆ, ಆಳ ಆಗುತ್ತದೆ. ಅದೇ ಜೋರು ಮರಳನ್ನು ಇನ್ನೂ ದೂರಕ್ಕೆ, ಇನ್ನೂ ಆಳಕ್ಕೆ ಒಯ್ದು ಬಿಡುತ್ತದೆ. ಆಗಲೇ ಹೇಳಿದೆನಲ್ಲ, ಎಟುಕುವುದು ಅಂತ. ಸಣ್ಣ ಆಳದಲ್ಲಿ ಬಿಟ್ಟ ಮರಳು ಅಲೆಗೆ ಎಟುಕುತ್ತದೆ, ಜನವರಿಗೆ ವಾಪಸ್ ಬರುತ್ತದೆ. ಆಳದಲ್ಲಿ ಬಿಟ್ಟದ್ದು ಬರುವುದಿಲ್ಲ. ಗೋಡೆ ಎರಡೂ ಬದಿಯ ಬೀಚುಗಳ ನಡುವಿನ ಓಡಾಟವನ್ನೂ ತಡೆಯುತ್ತದೆ. ಉಳ್ಳಾಲದಲ್ಲಿ ಮನೆಗಳು ಹೋದವು, ರಸ್ತೆ ಹೋಯಿತು. ಕೊರೆತ ಅಲ್ಲಿ ಮೊದಲೂ ಇತ್ತು, ಎಲ್ಲ ತಪ್ಪನ್ನೂ ಗೋಡೆಯ ಮೇಲೆ ಹಾಕುವುದು ಸರಿಯಲ್ಲ. ಆದರೆ ಅಳಿವೆಗೆ ಗೋಡೆ ಕಟ್ಟಿದ ಮೇಲೆ ಅದರ ಪಕ್ಕದ ಬೀಚಿಗೆ ಮೊದಲಿನ ವ್ಯವಸ್ಥೆ ಇಲ್ಲ.

2010ರ ನಂತರ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಉಳ್ಳಾಲದ ಎದುರು ಕಡಲೊಳಗೆ ರೀಫ್, ದಡದ ಹತ್ತಿರ ಬರ್ಮ್ ಅನ್ನುವ ಕಲ್ಲಿನ ದಿಣ್ಣೆ ಕಟ್ಟಿದರು. ರೀಫಿನ ಮೇಲೆ ಅಲೆ ಮೊದಲೇ ಒಡೆಯುತ್ತದೆ, ಹಿಂದೆ ಮರಳು ನಿಲ್ಲಲು ಅವಕಾಶ ಸಿಗುತ್ತದೆ. ಮಳೆಗಾಲದ ಮರಳು ದಿಬ್ಬ ಮಾಡುತ್ತಿದ್ದ ಕೆಲಸವನ್ನೇ ಕಲ್ಲಲ್ಲಿ ಮಾಡುವ ಪ್ರಯತ್ನ. ದಡಕ್ಕೆ ಗೋಡೆ ಹಾಕುವುದಕ್ಕಿಂತ ಇದು ಒಳ್ಳೆಯ ಯೋಚನೆ ಅನ್ನುವುದು ನನ್ನ ಅಭಿಪ್ರಾಯ. ಆದರೆ ಈಚಿನ ವರ್ಷಗಳಲ್ಲಿ ಕೊರೆತದ ಸುದ್ದಿ ಬರುತ್ತಿರುವುದು ಇನ್ನೂ ದಕ್ಷಿಣದ ಉಚ್ಚಿಲ, ಬಟ್ಟಪ್ಪಾಡಿ ಕಡೆಯಿಂದ. ಒಂದೂರಿನ ಮರಳು ನಿಲ್ಲಿಸುವ ಯೋಜನೆಗೆ ಪಕ್ಕದೂರಿನ ಲೆಕ್ಕವೂ ಸೇರಿರಬೇಕು. ಎಸ್ಟಿಮೇಟ್ ಮಾತ್ರ ಯಾವಾಗಲೂ ಒಂದೇ ಊರಿನದ್ದು, ಒಂದೇ ಕ್ಷೇತ್ರದ್ದು.

ದಡದ ಗೋಡೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಲ್ಲಿಗೆ ಬಡಿದ ಅಲೆ ಹಿಂದಕ್ಕೆ ಪುಟಿಯುತ್ತದೆ, ಬುಡದ ಮರಳು ಕೆರೆಯುತ್ತದೆ, ಕಲ್ಲು ಒಂದೊಂದಾಗಿ ಹೂತುಹೋಗುತ್ತದೆ. ಮತ್ತೆ ಟಿಪ್ಪರ್ ಬರುತ್ತದೆ. ಗೋಡೆಯ ಹಿಂದಿನ ಮರಳು ದಿಣ್ಣೆ, ಅದರ ಮೇಲಿನ ಬಂಗಡೆ ಬಳ್ಳಿ, ಎಲ್ಲ ಬಂದಿ. ಬಿರುಸಿನ ಮಳೆಗಾಲದಲ್ಲಿ ಕಡಲಿಗೆ ಸಾಲ ಕೊಡಬೇಕಾಗಿದ್ದ ಮರಳು ಅದು. ಗೋಡೆ ಮುಗಿಯುವ ಕಡೆ ಕೊರೆತ ಇನ್ನೂ ಜೋರು, ಹಾಗಾಗಿ ಪಕ್ಕದವರೂ ಗೋಡೆ ಕೇಳುತ್ತಾರೆ. ಕೇರಳ ಈ ದಾರಿಯಲ್ಲಿ ನಮಗಿಂತ ಬಹಳ ಮುಂದೆ ಹೋಗಿದೆ, ಕಲ್ಲುಗೋಡೆ ನೂರಾರು ಕಿಲೋಮೀಟರ್ ಆಗಿದೆ. ಕೊರೆತದ ದೂರು ಅಲ್ಲಿ ನಿಂತಿಲ್ಲ.

ಇನ್ನೊಂದು ಅಂಕಿ ಹೇಳಿ ಪ್ರಶ್ನೆಗಳಿಗೆ ಬರುತ್ತೇನೆ. ಚೆನ್ನೈಯಲ್ಲಿರುವ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರ ತನಕದ ಉಪಗ್ರಹ ಚಿತ್ರ ಇಟ್ಟುಕೊಂಡು ದೇಶದ ದಡವನ್ನು ಅಳೆಯಿತು. ಸುಮಾರು ಮೂರನೇ ಒಂದು ಭಾಗ ಕೊರೆಯುತ್ತಿದೆ. ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ದಡ ಬೆಳೆಯುತ್ತಿದೆ. ಉಳಿದದ್ದು ಹೆಚ್ಚು ಕಮ್ಮಿ ಇದ್ದಲ್ಲೇ ಇದೆ. ಕರ್ನಾಟಕದಲ್ಲಿ ಕೊರೆಯುವುದು ಕಾಲು ಭಾಗದ ಆಸುಪಾಸು. ಬೆಳೆಯುವ ದಡದ ಸುದ್ದಿಯನ್ನು ಯಾವ ಪತ್ರಿಕೆಯಲ್ಲಾದರೂ ಓದಿದ್ದೀರಾ?

ಮೊದಲ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: “ಹಾಂಗಾರೆ ಕಲ್ ಹಾಕುದೇ ಬ್ಯಾಡ್ದಾ ಮಾಷ್ಟ್ರೆ?”

ಇವತ್ತು ರಾತ್ರಿ ಮನೆ ಬೀಳುವ ಸ್ಥಿತಿಯಲ್ಲಿದ್ದರೆ ಕಲ್ಲು ಹಾಕಬೇಕು, ಅದರಲ್ಲಿ ಚರ್ಚೆ ಇಲ್ಲ. ಅದು ಪ್ರಥಮ ಚಿಕಿತ್ಸೆ. ನನ್ನ ತಕರಾರು ಇರುವುದು ಪ್ರಥಮ ಚಿಕಿತ್ಸೆಯನ್ನೇ ಪ್ರತಿ ವರ್ಷ ಮಾಡುವುದಕ್ಕೆ. ಮನೆ ಇಲ್ಲದ ಕಡೆ, ಬರೀ ಗಾಳಿ ಮರದ ತೋಪು ಇರುವ ಕಡೆ ಗೋಡೆ ಯಾಕೆ? ಅಲ್ಲಿ ಕಡಲು ಹತ್ತು ಮೀಟರ್ ಒಳಗೆ ಬಂದು ಹತ್ತು ಮೀಟರ್ ಹೊರಗೆ ಹೋಗಲಿ.

ಗಂಗೊಳ್ಳಿ ಕಡೆಯ ಹಿರಿಯರೊಬ್ಬರು ಕೇಳಿದರು, ಅಳಿವೆಯಲ್ಲಿ ಹೂಳು ತುಂಬಿ ಜೀವ ಹೋಗುತ್ತದೆ, ನೀವು ಡ್ರೆಜ್ಜಿಂಗ್ ಬೇಡ ಅನ್ನುತ್ತೀರಾ?

ಇಲ್ಲ, ಬೇಕು. ಮೀನುಗಾರರ ಜೀವಕ್ಕಿಂತ ಮರಳು ದೊಡ್ಡದಲ್ಲ. ನಾನು ಕೇಳುವುದು ತೆಗೆದ ಮರಳನ್ನು ಎಲ್ಲಿ ಹಾಕುತ್ತೀರಿ ಅಂತ ಮಾತ್ರ. ದೂರ ಕಡಲಿಗೆ ಒಯ್ದು ಸುರಿದರೆ ಲೆಕ್ಕದಿಂದ ಹೊರಗೆ ಹೋಯಿತು. ಲಾರಿಗೆ ತುಂಬಿದರೂ ಹಾಗೇ. ಪಕ್ಕದ ಕೊರೆಯುವ ಬೀಚಿನ ಎದುರು, ಅಲೆಗೆ ಎಟುಕುವ ಆಳದಲ್ಲಿ ಸುರಿದರೆ ಅಲೆಯೇ ದಡಕ್ಕೆ ತಂದು ಹಾಕುತ್ತದೆ. ಆಸ್ಟ್ರೇಲಿಯಾದ ಟ್ವೀಡ್ ನದಿಯ ಬಾಯಲ್ಲಿ 2001ರಿಂದ ಇದೇ ಕೆಲಸಕ್ಕೆ ಶಾಶ್ವತ ಪಂಪ್ ಕೂರಿಸಿದ್ದಾರೆ. ವರ್ಷಕ್ಕೆ ಸುಮಾರು ಐದು ಲಕ್ಷ ಘನ ಮೀಟರ್ ಮರಳನ್ನು ಗೋಡೆಯ ಈ ಬದಿಯಿಂದ ಆ ಬದಿಗೆ ದಾಟಿಸುತ್ತಾರೆ. ನಮ್ಮಲ್ಲಿ ಓಡಾಟ ಎರಡು ದಿಕ್ಕಿಗೂ ಇರುವುದರಿಂದ ಅಷ್ಟು ದೊಡ್ಡ ಏರ್ಪಾಡು ಬೇಕಾಗಲಿಕ್ಕಿಲ್ಲ. ಡ್ರೆಜ್ಜಿಂಗ್ ಟೆಂಡರಿನಲ್ಲಿ ಮರಳು ಸುರಿಯುವ ಜಾಗವನ್ನು ಸರಿಯಾಗಿ ಬರೆದರೆ ಅರ್ಧ ಕೆಲಸ ಆಗುತ್ತದೆ. ಕೆಸರು ಮಾತ್ರ ಬೀಚಿಗೆ ಬೇಡ, ಅದು ನಿಲ್ಲುವುದೂ ಇಲ್ಲ.

ಒಬ್ಬ ವಿದ್ಯಾರ್ಥಿನಿ ಮರವಂತೆ ಬಗ್ಗೆ ಕೇಳಿದಳು. ಕಡಲ ಮಟ್ಟ ಏರುತ್ತಿದೆಯಲ್ಲ ಸರ್, ಮರವಂತೆ ಏನಾಗುತ್ತದೆ?

ಒಳ್ಳೆಯ ಪ್ರಶ್ನೆ. ಉತ್ತರ ಹಿಂದೂ ಮಹಾಸಾಗರದಲ್ಲಿ 1993ರ ಈಚೆಗೆ ಏರಿಕೆ ವರ್ಷಕ್ಕೆ ಸುಮಾರು 3.3 ಮಿಲಿಮೀಟರ್. ಮರಳು ಸಾಕಷ್ಟಿದ್ದು, ಹಿಂದೆ ಜಾಗವಿದ್ದರೆ ಬೀಚು ನಿಧಾನವಾಗಿ ಮೇಲಕ್ಕೆ, ಹಿಂದಕ್ಕೆ ಸರಿದು ತನ್ನ ಆಕಾರ ಉಳಿಸಿಕೊಳ್ಳುತ್ತದೆ. ಮರವಂತೆಯಲ್ಲಿ ಹಿಂದೆ ಹೆದ್ದಾರಿ, ಅದರ ಹಿಂದೆ ಸೌಪರ್ಣಿಕಾ. ಸರಿಯಲು ಜಾಗ ಇಲ್ಲ. ಹೆದ್ದಾರಿ ಅಲ್ಲೇ ಇರಬೇಕು ಅಂದರೆ ಮರಳು ಹಾಕುತ್ತಲೇ ಇರಬೇಕು, ಇಲ್ಲವೇ ಕಲ್ಲು ಹಾಕುತ್ತಲೇ ಇರಬೇಕು. ಎರಡಕ್ಕೂ ಕೊನೆಯಿಲ್ಲ. ರಸ್ತೆಯನ್ನು ಒಳಗೆ ಒಯ್ಯುವ ಮಾತು ಇವತ್ತು ಯಾರಿಗೂ ರುಚಿಸುವುದಿಲ್ಲ, ಗೊತ್ತು. ಆದರೂ ಚರ್ಚೆಯಲ್ಲಿ ಅದೂ ಇರಬೇಕು.

ಕೊನೆಗೆ ಶಾಲೆಯ ಶಿಕ್ಷಕರೊಬ್ಬರು, ಮಕ್ಕಳಿಂದ ಮಾಡಿಸುವಂಥದ್ದು ಏನಾದರೂ ಇದೆಯೇ ಅಂದರು.

ಇದೆ, ಖರ್ಚೂ ಇಲ್ಲ. 1961ರಲ್ಲಿ ಎಮೆರಿ ಅನ್ನುವ ಕಡಲ ಭೂವಿಜ್ಞಾನಿ ಪ್ರಕಟಿಸಿದ ವಿಧಾನ. ಒಂದೂವರೆ ಮೀಟರಿನ ಎರಡು ಕೋಲು, ಎರಡಕ್ಕೂ ಮೇಲಿಂದ ಕೆಳಕ್ಕೆ ಸೆಂಟಿಮೀಟರ್ ಗುರುತು. ದೇವಸ್ಥಾನದ ಕಟ್ಟೆಯೋ ಕರೆಂಟ್ ಕಂಬವೋ, ಅಲುಗದ ಒಂದು ಗುರುತಿನಿಂದ ಶುರು ಮಾಡಿ. ಕೋಲುಗಳ ನಡುವೆ ಗೊತ್ತಾದ ಅಂತರ ಇಟ್ಟು ನೇರ ಕಡಲ ಕಡೆಗೆ ನಡೆಯಿರಿ. ಬೀಚು ಇಳಿಜಾರು ಇರುವಲ್ಲಿ ಹಿಂದಿನ ಕೋಲಿನ ಹತ್ತಿರ ನಿಂತು, ಮುಂದಿನ ಕೋಲಿನ ತುದಿ ಮತ್ತು ಆಚೆಗೆ ಕಡಲು ಬಾನು ಸೇರುವ ಗೆರೆ ಒಂದೇ ಸಾಲಿಗೆ ಬರುವ ಹಾಗೆ ಕಣ್ಣಿಡಿ. ಆ ಸಾಲು ಹಿಂದಿನ ಕೋಲಿನ ಮೇಲೆ ಎಷ್ಟನೇ ಸೆಂಟಿಮೀಟರಿಗೆ ಬೀಳುತ್ತದೋ ಅಷ್ಟು ಇಳಿಜಾರು. ನೀರಿನ ಅಂಚಿನ ತನಕ ಹೀಗೇ ಹೋಗಿ ಬರೆದುಕೊಳ್ಳಿ. ಪ್ರತಿ ತಿಂಗಳು ಅದೇ ಗುರುತು, ಅದೇ ದಿಕ್ಕು, ಇಳಿತದ ಹೊತ್ತು. ಗ್ರಾಫ್ ಹಾಳೆಯಲ್ಲಿ ಒಂದರ ಮೇಲೊಂದು ಗೆರೆ ಎಳೆದರೆ ಮರಳು ಹೋದದ್ದು ಬಂದದ್ದು ಕಾಣುತ್ತದೆ. ಎರಡು ಮೂರು ವರ್ಷದ ಗೆರೆ ಇದ್ದರೆ ಎಸ್ಟಿಮೇಟ್ ಹಿಡಿದು ಬಂದ ಎಂಜಿನಿಯರ್ ಮುಂದೆ ಅದನ್ನು ಇಡಬಹುದು. ಮೊದಲ ಗೆರೆಯನ್ನು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ ತೆಗೆದುಬಿಡಿ.